ರೊಟ್ಟಿ ಮಷಿನ್‌ಗೆ ಎಷ್ಟು ಕೆವಿಎ ಜನರೇಟರ್ ಬೇಕು?

ಪ್ರಶ್ನೆ: ನಾವು ಇಳಕಲ್ ಹತ್ತಿರದ ಹಳ್ಳಿಯವರು. ಮನೆಯಲ್ಲೇ ನಾಲ್ಕು ಜನ ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ ಮಾಡಿ ಮಾರುತ್ತೇವೆ. 1 ಎಚ್‌ಪಿಯ ಹಿಟ್ಟು ನಾದುವ ಮಷಿನ್, ಅರ್ಧ ಎಚ್‌ಪಿಯ ರೊಟ್ಟಿ ಒತ್ತುವ ಮಷಿನ್ ಇವೆ. ಬೇಯಿಸುವುದು ಗ್ಯಾಸಿನ ಮೇಲೆ. ಕೆಲಸದ ಕೋಣೆಯಲ್ಲಿ 2 ಫ್ಯಾನ್, 4 ಟ್ಯೂಬ್‌ಲೈಟ್, ಒಂದು ಪ್ಯಾಕೆಟ್ ಸೀಲಿಂಗ್ ಮಷಿನ್. ಇದಲ್ಲದೆ ಮನೆಯಲ್ಲಿ ಫ್ರಿಜ್, ಟಿವಿ, 1 ಎಚ್‌ಪಿ ಬೋರ್ ಮೋಟರ್, ಸಣ್ಣ ಇನ್ವರ್ಟರ್ ಇದೆ. ಕರೆಂಟ್ ಹೋದರೆ ಎರಡು ಮೂರು ಗಂಟೆ ಕೆಲಸ ನಿಲ್ಲುತ್ತದೆ. ಜನರೇಟರ್ ತೆಗೆದುಕೊಳ್ಳಬೇಕು. ಅಂಗಡಿಯವರು 5 ಕೆವಿಎ ಡೀಸೆಲ್ ತಗೊಳ್ಳಿ ಅನ್ನುತ್ತಾರೆ. ನಮ್ಮ ಮೈದುನ 2 ಕೆವಿಎ ಪೆಟ್ರೋಲ್ ಸಾಕು, ಸುಮ್ನೆ ದುಡ್ಡು ಹಾಳು ಮಾಡಬೇಡಿ ಅನ್ನುತ್ತಾನೆ. ಯಾರ ಮಾತು ಕೇಳಬೇಕು?

ಉತ್ತರ: ಅಕ್ಕಾವರೇ, ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಲೆಕ್ಕ. ನಿಮಗೆ ಬೇಕಾದದ್ದು ಸುಮಾರು 4 ಕೆವಿಎ ರೇಟೆಡ್ (ಅಂದರೆ ತಾಸುಗಟ್ಟಲೆ ಕೊಡುವ ಶಕ್ತಿ) ಇರುವ, ಎವಿಆರ್ (ವೋಲ್ಟೇಜನ್ನು ತಾನಾಗಿಯೇ ಸಮ ಇಡುವ ಭಾಗ) ಇರುವ ಪೆಟ್ರೋಲ್ ಜನರೇಟರ್. ಮೈದುನರ ಲೆಕ್ಕ ಚಿಕ್ಕದಾಯಿತು. ಅಂಗಡಿಯವರು ಹೇಳಿದ ಅಂಕಿ ಹತ್ತಿರವೇ ಇದೆ, ಆದರೆ ಅವರು ಅಲ್ಲಿಗೆ ಹೋದ ದಾರಿ ಬೇರೆ. ಬೋರ್ ಮೋಟರ್, ಫ್ರಿಜ್ ಎಲ್ಲ ಕೂಡಿಸಿ 5 ಅಂದಿರಬೇಕು. ಆ ಎರಡನ್ನೂ ನೀವು ಜನರೇಟರ್ ಮೇಲೆ ಹಾಕಲೇಬೇಡಿ.

ಈಗ ಮೈದುನರು ಏನು ಮಾಡಿರಬಹುದು ನೋಡೋಣ. ನಾದುವ ಮಷಿನ್ 1 ಎಚ್‌ಪಿ ಅಂದರೆ 746 ವ್ಯಾಟ್. ಅರ್ಧ ಎಚ್‌ಪಿ ಅಂದರೆ 373. ಎರಡು ಫ್ಯಾನ್‌ಗೆ 150, ನಾಲ್ಕು ಎಲ್‌ಇಡಿ ಟ್ಯೂಬ್‌ಗೆ 80, ಸೀಲಿಂಗ್ ಮಷಿನ್‌ಗೆ 300. ಕೂಡಿಸಿದರೆ 1650 ಆಯಿತು. 2 ಕೆವಿಎ ಒಳಗೇ ಬಂತಲ್ಲ, ಇನ್ನೇನು ಬೇಕು ಅಂತ. ಲೆಕ್ಕದ ಪುಸ್ತಕದಲ್ಲಿ ಸರಿ. ಆದರೆ ಇದರಲ್ಲಿ ಎರಡು ತಪ್ಪಿವೆ. ಮೊದಲನೆಯದು ಚಿಕ್ಕ ತಪ್ಪು, ಎರಡನೆಯದು ಮೋಟರ್ ಸುಡುವ ತಪ್ಪು.

ಚಿಕ್ಕದು ಇದು. 746 ವ್ಯಾಟ್ ಅನ್ನುವುದು ಮೋಟರಿನ ಶಾಫ್ಟ್ ಕೊಡುವ ಶಕ್ತಿ. ಅಷ್ಟು ಕೊಡಬೇಕಾದರೆ ಅದು ತಿನ್ನುವುದು ಜಾಸ್ತಿ. ನಮ್ಮ ಸಣ್ಣ ಸಿಂಗಲ್ ಫೇಸ್ ಮೋಟರ್‌ಗಳು ತಿಂದದ್ದರಲ್ಲಿ ನೂರಕ್ಕೆ 65-70ರಷ್ಟನ್ನು ಮಾತ್ರ ಕೆಲಸಕ್ಕೆ ಕೊಡುತ್ತವೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ನಿಮ್ಮ ನಾದುವ ಮಷಿನ್ ತುಂಬಿದ ಹಿಟ್ಟಿನಲ್ಲಿ ಓಡುವಾಗ ಸುಮಾರು 1100 ವ್ಯಾಟ್ ಎಳೆಯುತ್ತದೆ. ಒತ್ತುವ ಮಷಿನ್ 600 ಹತ್ತಿರ. ಈಗ ಕೂಡಿಸಿ, 2230 ವ್ಯಾಟ್. 2 ಕೆವಿಎ ಇಲ್ಲಿಗೇ ಮುಗಿಯಿತು.

ಇನ್ನೊಂದು ಮಾತು. ನಾನು ಹೇಳಿದ ಈ ವ್ಯಾಟ್‌ಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ. ಮೋಟರಿನ ಮೈಮೇಲೆ ಒಂದು ಪ್ಲೇಟು ಇರುತ್ತದೆ. ಹಿಟ್ಟು ಮೆತ್ತಿಕೊಂಡು ಬೆಳ್ಳಗಾಗಿರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಅದರಲ್ಲಿ ಆಂಪ್ಸ್ ಅಂತ ಬರೆದಿರುವ ಅಂಕಿ ಹುಡುಕಿ. 1 ಎಚ್‌ಪಿಗೆ ಸಾಮಾನ್ಯವಾಗಿ ಆರೂವರೆ ಏಳು ಆಂಪಿಯರ್ ಇರುತ್ತದೆ. ಅದನ್ನು 230ರಿಂದ ಗುಣಿಸಿದರೆ ಬರುವುದು ವಿಎ. 6.8 ಆಂಪಿಯರ್ ಇದ್ದರೆ 1564 ವಿಎ, ಅಂದರೆ ಒಂದೂವರೆ ಕೆವಿಎ. ವ್ಯಾಟ್ 1100, ವಿಎ 1560. ಇದೇನು ಎರಡು ಲೆಕ್ಕ ಅಂತ ಕೇಳುತ್ತೀರಿ. ಎಂಜಿನ್‌ಗೆ ಭಾರ ಬೀಳುವುದು ವ್ಯಾಟ್‌ನಿಂದ, ಒಳಗಿನ ತಾಮ್ರದ ಸುರುಳಿ ಬಿಸಿಯಾಗುವುದು ಆಂಪಿಯರ್‌ನಿಂದ. ಜನರೇಟರ್ ಎರಡನ್ನೂ ತಡೆಯಬೇಕು. ಟ್ಯೂಬ್‌ಲೈಟು, ಇಸ್ತ್ರಿಪೆಟ್ಟಿಗೆಗೆ ಈ ತಲೆಬಿಸಿ ಹೆಚ್ಚಿಲ್ಲ. ಮೋಟರ್ ಇದ್ದಲ್ಲಿ ಆಂಪಿಯರ್ ನೋಡಲೇಬೇಕು. ಊರಿನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಟಾಂಗ್ ಟೆಸ್ಟರ್, ಅಂದರೆ ಆಂಪಿಯರ್ ಅಳೆಯುವ ಇಕ್ಕಳದಂಥ ಮೀಟರ್ ಇರುತ್ತದೆ. ಒಂದು ದಿನ ಕರೆಂಟ್ ಇದ್ದಾಗಲೇ ಅವರನ್ನು ಕರೆದು, ಹಿಟ್ಟು ಹಾಕಿ ಮಷಿನ್ ಓಡಿಸಿ, ವೈರಿಗೆ ಟಾಂಗ್ ಹಾಕಿ ನೋಡಿಸಿ. ಚಹಾ ಖರ್ಚಿನಲ್ಲಿ ಮುಗಿಯುವ ಕೆಲಸ.

ಈಗ ದೊಡ್ಡ ತಪ್ಪಿಗೆ ಬರೋಣ.

ಕಬ್ಬು ಹೇರಿದ ಗಾಡಿಯನ್ನು ಹೊಲದಿಂದ ರಸ್ತೆಗೆ ಎಳೆಯುವುದನ್ನು ನೋಡಿದ್ದೀರಲ್ಲ? ರಸ್ತೆಗೆ ಬಂದ ಮೇಲೆ ಒಂದು ಜೋಡಿ ಎತ್ತು ಆರಾಮವಾಗಿ ನಡೆಯುತ್ತವೆ. ಆದರೆ ಹೊಲದೊಳಗಿಂದ ಗಾಲಿ ಕದಲಬೇಕಾದರೆ ಇನ್ನೊಂದು ಜೋಡಿ ಹೂಡಬೇಕು, ನಾಲ್ಕು ಜನ ಹಿಂದಿನಿಂದ ನೂಕಬೇಕು. ಮೋಟರ್ ಕೂಡ ಹಾಗೇ. ನಿಂತದ್ದು ತಿರುಗಲು ಶುರು ಮಾಡುವಾಗ ಅದು ಓಡುವಾಗಿನ ನಾಲ್ಕೈದು ಪಟ್ಟು, ಕೆಲವು ಏಳು ಪಟ್ಟಿನವರೆಗೂ ಕರೆಂಟ್ ಜಗ್ಗುತ್ತವೆ. ಒಂದೆರಡು ಸೆಕೆಂಡ್ ಅಷ್ಟೇ. ಮನೆಯ ಲೈನಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಹಿಂದೆ ಇಡೀ ಟ್ರಾನ್ಸ್‌ಫಾರ್ಮರ್ ನಿಂತಿದೆ. ಬಹಳವಾದರೆ ಬಲ್ಬು ಒಮ್ಮೆ ಕಣ್ಣು ಮಿಟುಕಿಸುತ್ತದೆ. ಸಣ್ಣ ಜನರೇಟರ್ ಹಿಂದೆ ಏನಿದೆ? ಬೈಕಿನಷ್ಟು ಎಂಜಿನ್. ಅದು ಆ ಜಗ್ಗು ತಡೆಯದಿದ್ದರೆ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಕುಸಿದರೆ ಮೋಟರ್ ತಿರುಗುವುದಿಲ್ಲ. ತಿರುಗದಿದ್ದರೆ ಜಗ್ಗು ಕಡಿಮೆಯಾಗುವುದಿಲ್ಲ. ಹೀಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸ ಕಲಿತ ಹೊಸತರಲ್ಲಿ ಒಂದು ತಂಪು ಪಾನೀಯದ ಅಂಗಡಿಗೆ ನಾನೇ ಮುಂದೆ ನಿಂತು 2 ಕೆವಿಎ ಕೊಡಿಸಿದೆ. ಬರೀ ವ್ಯಾಟ್ ಕೂಡಿಸಿದ್ದೆ. ಮೊದಲ ದಿನ ಹಗ್ಗ ಎಳೆದು ಎಂಜಿನ್ ಶುರು ಮಾಡಿದೆ, ಲೈಟ್ ಬಂತು, ಎಲ್ಲರಿಗೂ ಖುಷಿ. ಕೂಲರ್ ಸ್ವಿಚ್ ಹಾಕಿದೆ. ಎಂಜಿನ್ ದನಿ ಒಮ್ಮೆಲೇ ದಪ್ಪಗಾಯಿತು. ಮೇಲಿನ ಫ್ಯಾನ್ ರೆಕ್ಕೆ ಎಣಿಸುವಷ್ಟು ನಿಧಾನವಾಯಿತು. ಕೂಲರ್ ಒಳಗಿಂದ ಗುಂಯ್ ಅಂತ ಸದ್ದು, ಅಷ್ಟೇ, ಕಂಪ್ರೆಸರ್ ಶುರುವಾಗಲಿಲ್ಲ. ಇನ್ನೊಂದ್ಸಲ ಹಾಕಿ ನೋಡೋಣ ಅಂದೆ. ಮೂರನೇ ಸಲಕ್ಕೆ ವಾರ್ನಿಷ್ ಸುಟ್ಟ ವಾಸನೆ ಬಂತು. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಕಂಪ್ರೆಸರ್ ದುಡ್ಡು ನನ್ನ ಕೈಯಿಂದಲೇ ಹೋಯಿತು. ಅಂದಿನಿಂದ ಯಾರೇ ಜನರೇಟರ್ ಕೇಳಿದರೂ ನನ್ನ ಮೊದಲ ಪ್ರಶ್ನೆ ಒಂದೇ. ನಿಮ್ಮಲ್ಲಿರುವ ಎಲ್ಲಕ್ಕಿಂತ ದೊಡ್ಡ ಮೋಟರ್ ಯಾವುದು?

ನಿಮ್ಮಲ್ಲಿ ಅದು ನಾದುವ ಮಷಿನ್. ಅದರ ಜಗ್ಗಿಗೆ ನಾನು ಓಡುವ ವ್ಯಾಟಿನ ಮೂರು ಪಟ್ಟು ಹಿಡಿಯುತ್ತೇನೆ. ಅಸಲು ಜಗ್ಗು ಅದಕ್ಕಿಂತ ಜಾಸ್ತಿಯೇ. ಆದರೆ ಒಳ್ಳೆಯ ಜನರೇಟರ್ ಒಂದೆರಡು ಸೆಕೆಂಡ್ ತನ್ನ ಮಿತಿ ಮೀರಿ ಕೊಡುತ್ತದೆ, ವೋಲ್ಟೇಜ್ ಸ್ವಲ್ಪ ಬಗ್ಗಿಸಿ ದಾಟಿಸುತ್ತದೆ. ಹಾಗಾಗಿ ಮೂರು ಪಟ್ಟು ಸಾಕಾಗುತ್ತದೆ ಅನ್ನುವುದು ನಮ್ಮ ಕೈಯ ಲೆಕ್ಕ. 1100ರ ಮೂರು ಪಟ್ಟು 3300 ವ್ಯಾಟ್. ನಿಮ್ಮ ಜನರೇಟರ್ ಅಳತೆಯನ್ನು ನಿರ್ಧರಿಸುವುದು ಈ ಒಂದು ಅಂಕಿ.

ನಾದುವ ಮಷಿನ್ ಓಡುತ್ತಿರುವಾಗ ಒತ್ತುವ ಮಷಿನ್ ಶುರು ಮಾಡಿದರೆ? ನಾದುವುದಕ್ಕೆ 1100, ಒತ್ತುವುದರ ಜಗ್ಗು 600ರ ಮೂರು ಪಟ್ಟು 1800, ಲೈಟು ಫ್ಯಾನು 230. ಸೀಲಿಂಗ್ ಮಷಿನ್ ಆ ಕ್ಷಣಕ್ಕೆ ಬಂದ್ ಇರಲಿ. ಒಟ್ಟು 3130. ಇದೂ 3300ರ ಒಳಗೇ ಬಂತು. ಆದರೆ ತಿರುಗಾ ಮುರುಗಾ ಮಾಡಿದರೆ, ಅಂದರೆ ಒತ್ತುವ ಮಷಿನ್, ಫ್ಯಾನು, ಲೈಟು ಎಲ್ಲ ಹಾಕಿ ಕೊನೆಗೆ ನಾದುವ ಮಷಿನ್ ಹಾಕಿದರೆ 4130ಕ್ಕೆ ಹೋಗುತ್ತದೆ. ಅದೇ ಮಷಿನ್‌ಗಳು, ಅದೇ ಕೋಣೆ, ಸ್ವಿಚ್ ಹಾಕುವ ಸರದಿ ಬದಲಾದರೆ 1000 ವ್ಯಾಟ್ ವ್ಯತ್ಯಾಸ. ಯಾವಾಗಲೂ ದೊಡ್ಡದು ಮೊದಲು, ಚಿಕ್ಕದು ಆಮೇಲೆ. ಪ್ರತಿ ಸಲ ಹಿಟ್ಟು ಬದಲಿಸುವಾಗ ನಾದುವ ಮಷಿನ್ ಮತ್ತೆ ಶುರು ಮಾಡಬೇಕಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆಗ ಒತ್ತುವ ಮಷಿನ್ ಅರ್ಧ ನಿಮಿಷ ನಿಲ್ಲಿಸಿ, ನಾದುವುದು ವೇಗ ಹಿಡಿದ ಮೇಲೆ ಮತ್ತೆ ಹಾಕಿ. ಸ್ವಿಚ್‌ಗಳ ಮೇಲೆ ಬಣ್ಣದಿಂದ 1, 2 ಅಂತ ಬರೆದುಬಿಡಿ, ಯಾರು ಹಾಕಿದರೂ ತಪ್ಪಾಗುವುದಿಲ್ಲ.

ಹಿಟ್ಟು ತುಂಬಿ ಮಷಿನ್ ಶುರು ಮಾಡಬೇಡಿ, ಖಾಲಿ ಶುರು ಮಾಡಿ ಆಮೇಲೆ ಹಿಟ್ಟು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಅದರಿಂದ ಜಗ್ಗು ಕಡಿಮೆಯಾಗುತ್ತದೆ ಅಂದುಕೊಳ್ಳಬೇಡಿ. ನಿಂತ ಮೋಟರಿಗೆ ಹಿಟ್ಟಿದೆಯೋ ಇಲ್ಲವೋ ಗೊತ್ತಿರುವುದಿಲ್ಲ, ಮೊದಲ ಕ್ಷಣದ ಜಗ್ಗು ಎರಡಕ್ಕೂ ಅಷ್ಟೇ. ಖಾಲಿ ಇದ್ದರೆ ಅದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ, ತುಂಬಿದ್ದರೆ ಎಳೆಯುತ್ತ ಎಳೆಯುತ್ತ ಹೋಗುತ್ತದೆ. ಸಣ್ಣ ಜನರೇಟರಿಗೆ ಆ ಎಳೆತವೇ ಕುತ್ತು. ಮೋಟರಿನ ಕಂಡೆನ್ಸರ್, ಅಂದರೆ ಅದು ತಿರುಗಲು ಶುರುವಾಗುವಾಗ ನೂಕು ಕೊಡುವ ಸಣ್ಣ ಡಬ್ಬಿ, ಹಳೆಯದಾಗಿ ಉಬ್ಬಿದ್ದರೆ ಕೂಡ ಹೀಗೇ ಆಗುತ್ತದೆ. ಜನರೇಟರ್ ಬಯ್ಯುವ ಮೊದಲು ಅದನ್ನೊಮ್ಮೆ ಬದಲಿಸಿ ನೋಡಿ.

3300 ಬೇಕಾದರೆ 4 ಕೆವಿಎ ಯಾಕೆ, 3.5 ಸಾಲದೇ? ಇಲ್ಲಿ ನಮ್ಮ ನೆಲದ ಮಾತು ಬರುತ್ತದೆ. ಕ್ಯಾಟಲಾಗಿನ ಅಂಕಿಗಳು ಸಮುದ್ರ ಮಟ್ಟದ, ತಂಪು ಹವೆಯ ಅಂಕಿಗಳು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 300 ಮೀಟರ್‌ಗೆ ಎಂಜಿನ್ ನೂರಕ್ಕೆ ಮೂರೂವರೆಯಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬೆಳಗಾವಿ 750ರ ಆಸುಪಾಸು. ನಿಮ್ಮ ಕಡೆಯೂ ವಿಜಯಪುರದಷ್ಟೇ ಹಿಡಿಯಿರಿ. ಮೇಲೆ ಏಪ್ರಿಲ್, ಮೇ ತಿಂಗಳ ಬಿಸಿಲು, 40 ಡಿಗ್ರಿ ದಾಟುತ್ತದೆ. ಬಿಸಿ ಗಾಳಿಯೂ ತೆಳು ಗಾಳಿಯೇ. ಎರಡೂ ಸೇರಿ ನೂರಕ್ಕೆ ಹತ್ತು ಕಳೆಯಿರಿ. ಅಲ್ಲಿಗೆ 4 ಅಂದದ್ದು 3.6 ಆಗುತ್ತದೆ, 3.5 ಅಂದದ್ದು 3.15. ಮೊದಲನೆಯದು ನಿಮ್ಮ 3300 ತಡೆಯುತ್ತದೆ, ಎರಡನೆಯದು ಮೇ ತಿಂಗಳ ಮಧ್ಯಾಹ್ನ ಕೈಕೊಡುತ್ತದೆ. ಎಲ್ಲ ಒಟ್ಟಿಗೆ ಓಡುವಾಗ ಆಂಪಿಯರ್ ಲೆಕ್ಕದಲ್ಲಿ ನಿಮ್ಮದು 2.9 ಕೆವಿಎ ಬರುತ್ತದೆ, 3.6ರಲ್ಲಿ ನೂರಕ್ಕೆ ಎಂಬತ್ತು. ಯಂತ್ರಕ್ಕೂ ಹಿತ, ನಿಮಗೂ ಹಿತ.

ಅಂಗಡಿಯಲ್ಲಿ ಒಂದು ಎಚ್ಚರ ಇರಲಿ. ಪೆಟ್ಟಿಗೆಯ ಮೇಲೆ ದಪ್ಪಗೆ ಬರೆದ ಅಂಕಿ ಬಹಳ ಸಲ ಮ್ಯಾಕ್ಸಿಮಮ್, ಅಂದರೆ ಸ್ವಲ್ಪ ಹೊತ್ತು ಮಾತ್ರ ಕೊಡುವ ಶಕ್ತಿ. ತಾಸುಗಟ್ಟಲೆ ಕೊಡುವುದು ರೇಟೆಡ್. ಉದಾಹರಣೆಗೆ ಹೋಂಡಾದ ಇಯು22ಐ ಅನ್ನುವ ಮಾದರಿಗೆ ಮ್ಯಾಕ್ಸಿಮಮ್ 2.2 ಕಿಲೋವ್ಯಾಟ್, ರೇಟೆಡ್ 1.8. ಅವರು ಎರಡನ್ನೂ ಬರೆಯುತ್ತಾರೆ, ಎಲ್ಲರೂ ಹಾಗೆ ಬರೆಯುವುದಿಲ್ಲ. ಪ್ಲೇಟಿನ ಮೇಲೆ ರೇಟೆಡ್ ಅಂತ ಇರದಿದ್ದರೆ ನಾನು ಆ ಮಷಿನ್ ಮುಟ್ಟುವುದಿಲ್ಲ. 4ರದು ಸಿಗದೆ, ಮ್ಯಾಕ್ಸಿಮಮ್ 5 ರೇಟೆಡ್ 4.5 ಇರುವ ಪೆಟ್ರೋಲ್ ಸಿಕ್ಕರೆ ತಗೊಳ್ಳಿ, ಚಿಂತೆಯಿಲ್ಲ. 3ಕ್ಕೆ ಮಾತ್ರ ಇಳಿಯಬೇಡಿ.

ಬೋರ್ ಮೋಟರ್ ಯಾಕೆ ಬೇಡ ಅಂದೆ? ಅದು ನೀರೊಳಗೆ ಮುಳುಗಿರುವ ಪಂಪು, ನೂರಾರು ಅಡಿ ಕೇಬಲ್ ಬೇರೆ. ಶುರುವಾಗುವುದೇ ತುಂಬಿದ ಭಾರದ ಮೇಲೆ. ಅದಕ್ಕಾಗಿ ಜನರೇಟರ್ ಅಳತೆ ಏರಿಸುವ ಬದಲು, ಕರೆಂಟ್ ಇರುವಾಗಲೇ ಮೇಲಿನ ಟ್ಯಾಂಕ್ ತುಂಬಿಸಿಡಿ. ನೀರು ಸುಲಭವಾಗಿ ಕೂಡಿಡಬಹುದಾದ ವಸ್ತು. ಫ್ರಿಜ್ ಕೂಡ ಹಾಗೇ, ಬಾಗಿಲು ಪದೇ ಪದೇ ತೆಗೆಯದಿದ್ದರೆ ನಾಲ್ಕು ತಾಸು ತಂಪು ಉಳಿಯುತ್ತದೆ. ನಿಮಗೆ ಕರೆಂಟ್ ಹೋಗುವುದು ಎರಡು ಮೂರು ತಾಸು. ನಾದಿದ ಹಿಟ್ಟನ್ನು ಮಾತ್ರ ಹೀಗೆ ಕೂಡಿಡಲು ಆಗುವುದಿಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟು ಹೊತ್ತು ಹೋದರೆ ಅಂಚು ಬಿರಿಯುತ್ತದೆ. ಅದಕ್ಕೇ ನಾದುವ ಮಷಿನ್‌ಗೆ ಜನರೇಟರ್ ಬೇಕೇ ಬೇಕು, ಬೋರ್ ಮೋಟರಿಗೆ ಬೇಡ.

ಮನೆಯ ಇನ್ವರ್ಟರ್ ವಿಷಯ. ಮನೆಯ ಲೈಟು, ಫ್ಯಾನು, ಟಿವಿ ಅದರ ಮೇಲೇ ಇರಲಿ, ಜನರೇಟರಿಗೆ ತರಬೇಡಿ. ಒಂದು ಕಳ್ಳ ಲೋಡ್ ಇದೆ, ಹೇಳಿಬಿಡುತ್ತೇನೆ. ಜನರೇಟರ್ ಕರೆಂಟ್ ಇನ್ವರ್ಟರಿಗೆ ಮುಟ್ಟಿದ ಕೂಡಲೇ ಅದು ಲೈನ್ ಬಂತು ಅಂದುಕೊಂಡು ಬ್ಯಾಟರಿ ಚಾರ್ಜ್ ಮಾಡಲು ಶುರು ಮಾಡುತ್ತದೆ. ಸುಮ್ನೆ 250-300 ವ್ಯಾಟ್ ಹೋಯಿತು. ಕೆಲಸದ ಕೋಣೆಯ ವೈರಿಂಗ್ ಬೇರೆ ಮಾಡಿಸಿ, ಜನರೇಟರ್ ಅದಕ್ಕಷ್ಟೇ ಇರಲಿ.

ಇನ್ನು ಡೀಸೆಲ್. ನಮ್ಮ ಕಡೆ ಡೀಸೆಲ್ ಎಂಜಿನ್ ಮೇಲೆ ಪ್ರೀತಿ ಜಾಸ್ತಿ. ಜಾಸ್ತಿ ಇರಬೇಕಾದದ್ದೇ, ಎಂಜಿನ್ ಅಂದರೆ ಕಿರ್ಲೋಸ್ಕರ್ ಅನ್ನುವ ಕಾಲ ಇತ್ತು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟು ಶುರು ಮಾಡಿದ್ದು ನಮ್ಮ ಬೆಳಗಾವಿಯಲ್ಲೇ. ದಿನಕ್ಕೆ ಆರೆಂಟು ತಾಸು ಓಡಿಸುವವರಿಗೆ ನಾನೂ ಡೀಸೆಲ್ ಅಂತಲೇ ಹೇಳುತ್ತೇನೆ. ಒಂದು ಯೂನಿಟ್ ಕರೆಂಟಿಗೆ ಅದು ಕುಡಿಯುವುದು ಕಡಿಮೆ, ಬಾಳಿಕೆ ಜಾಸ್ತಿ. ಆದರೆ ನಿಮ್ಮ ಮನೆಗೆ ಅದು ಹೊಂದುವುದಿಲ್ಲ. ನಾದುವ ಮಷಿನ್ ಒಂದು ಸಲಕ್ಕೆ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಉಳಿದ ಹೊತ್ತು ಒತ್ತುವ ಮಷಿನ್, ಎರಡು ಫ್ಯಾನ್. ಆಗ 5 ಕೆವಿಎ ಡೀಸೆಲ್ ಮೇಲೆ ಬೀಳುವುದು ನೂರಕ್ಕೆ ಇಪ್ಪತ್ತು ಭಾರ. ಡೀಸೆಲ್ ಎಂಜಿನ್‌ಗೆ ಹಗುರ ಕೆಲಸ ಒಗ್ಗುವುದಿಲ್ಲ. ಒಳಗೆ ಸಾಕಷ್ಟು ಬಿಸಿಯಾಗದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸೈಲೆನ್ಸರಿನಿಂದ ಕಪ್ಪು ಜಿಡ್ಡು ಸೋರುತ್ತದೆ, ಕ್ರಮೇಣ ಮಸಿ ಕಟ್ಟಿ ಶಕ್ತಿ ಕಡಿಮೆಯಾಗುತ್ತದೆ. ಮೇಲೆ ಭಾರ, ಸದ್ದು. ಹೆಣ್ಣುಮಕ್ಕಳೇ ಇರುವ ಮನೆಯಲ್ಲಿ ಹೊರಗೆ ಒಳಗೆ ಮಾಡಬೇಕಾದರೆ ಗಾಲಿ ಇರುವ ಪೆಟ್ರೋಲ್ ಸೆಟ್ಟೇ ವಾಸಿ.

ಖರ್ಚು? ನಿಮ್ಮ ಕೆಲಸಕ್ಕೆ 4 ಕೆವಿಎ ಪೆಟ್ರೋಲ್ ಸೆಟ್ ತಾಸಿಗೆ ಒಂದು ಲೀಟರ್, ಬಿಟ್ಟರೆ ಸ್ವಲ್ಪ ಮೇಲೆ ಕುಡಿಯುತ್ತದೆ. ಲೀಟರಿಗೆ 100 ರೂಪಾಯಿ ದಾಟಿರುವ ಪೆಟ್ರೋಲಿನಲ್ಲಿ ಒಂದು ಯೂನಿಟ್ ಕರೆಂಟ್ ನಿಮಗೆ 70-80 ರೂಪಾಯಿಗೆ ಬೀಳುತ್ತದೆ. ಗಾಬರಿಯಾಗಬೇಡಿ, ಎರಡೂವರೆ ತಾಸಿಗೆ 250-300 ರೂಪಾಯಿ. ಅಷ್ಟು ಹೊತ್ತಿನಲ್ಲಿ ನಾಲ್ಕು ಜನ ಎಷ್ಟು ರೊಟ್ಟಿ ತೆಗೆಯುತ್ತೀರಿ, ಒಂದಕ್ಕೆ ಎಷ್ಟು ಉಳಿಯುತ್ತದೆ, ಕೂಡಿಸಿ ನೋಡಿ. ಆ ಉಳಿತಾಯ 300 ದಾಟದಿದ್ದರೆ ಜನರೇಟರ್ ಬೇಡವೇ ಬೇಡ, ಕರೆಂಟ್ ಬರುವವರೆಗೆ ಪ್ಯಾಕಿಂಗ್ ಮಾಡಿಕೊಳ್ಳಿ.

ಜನರೇಟರ್ ಚಿಕ್ಕದು ಮಾಡಲು ಇನ್ನೊಂದು ದಾರಿ ಇದೆ. ಇದು ವೈಂಡಿಂಗ್ ಅಂಗಡಿಯವನ ಮಾತು. ನಾದುವ ಮಷಿನಿನ ಸಿಂಗಲ್ ಫೇಸ್ ಮೋಟರ್ ತೆಗೆದು ಅದೇ 1 ಎಚ್‌ಪಿಯ ತ್ರೀ ಫೇಸ್ ಮೋಟರ್ ಹಾಕಿಸಬಹುದು. ಅದರ ಮುಂದೆ ಒಂದು ವಿಎಫ್‌ಡಿ. ಸಿಂಗಲ್ ಫೇಸ್ 230 ವೋಲ್ಟ್ ಒಳಗೆ ಹೋಗಿ ತ್ರೀ ಫೇಸ್ ಹೊರಗೆ ಬರುವ ಡಬ್ಬಿ ಅದು. ಮೋಟರನ್ನು ಸೊನ್ನೆಯಿಂದ ನಿಧಾನವಾಗಿ ವೇಗಕ್ಕೆ ತರುತ್ತದೆ, ಜಗ್ಗು ಅನ್ನುವುದೇ ಇರುವುದಿಲ್ಲ. ಆಗ ಒತ್ತುವ ಮಷಿನ್ ಮೊದಲು, ನಾದುವುದು ಆಮೇಲೆ ಹಾಕಿದರೆ 4ಕ್ಕಿಂತ ಚಿಕ್ಕ ಸೆಟ್ ಸಾಕಾಗಬಹುದು. ಆದರೆ ಮೋಟರಿನ ಕನೆಕ್ಷನ್ 230 ವೋಲ್ಟಿಗೆ ತಕ್ಕಂತೆ ಡೆಲ್ಟಾ ಮಾಡಬೇಕು. ಸ್ಟಾರ್, ಡೆಲ್ಟಾ ಅಂದರೆ ಒಳಗಿನ ಸುರುಳಿಗಳನ್ನು ಜೋಡಿಸುವ ಎರಡು ರೀತಿ. ಸಣ್ಣ ಮೋಟರ್‌ಗಳು ಸಾಮಾನ್ಯವಾಗಿ ಸ್ಟಾರ್‌ನಲ್ಲಿ ಬರುತ್ತವೆ, ಆರು ತುದಿ ಹೊರಗಿದ್ದರೆ ಬದಲಿಸುವುದು ಸುಲಭ. ಹಿಟ್ಟಿನ ಧೂಳು ವಿಎಫ್‌ಡಿಗೆ ಶತ್ರು, ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು. ಈಗಲೇ ಮಾಡಿ ಅನ್ನುವುದಿಲ್ಲ. ಮುಂದೆ ಆ ಮೋಟರ್ ಸುಟ್ಟು ರಿವೈಂಡಿಂಗ್‌ಗೆ ಹೋಗುವ ದಿನ ಬಂದರೆ ನೆನಪಿಸಿಕೊಳ್ಳಿ.

ಈಗ ಇನ್ವರ್ಟರ್ ಜನರೇಟರ್ ಅಂತ ಬರುತ್ತವೆ, ನಿಮ್ಮ ಬ್ಯಾಟರಿ ಇನ್ವರ್ಟರ್ ಅಲ್ಲ. ಸದ್ದು ಕಡಿಮೆ, ಕರೆಂಟ್ ಶುದ್ಧ, ಕಂಪ್ಯೂಟರ್ ಇಟ್ಟುಕೊಂಡವರಿಗೆ ಚಿನ್ನ. ಮೋಟರ್ ಜಗ್ಗಿಗೆ ಮಾತ್ರ ಅವು ಬೇಗ ಮುನಿಸಿಕೊಳ್ಳುತ್ತವೆ. ಮಿತಿ ದಾಟಿದ ಕೂಡಲೇ ಒಳಗಿನ ಎಲೆಕ್ಟ್ರಾನಿಕ್ಸ್ ಕೈ ಎತ್ತಿಬಿಡುತ್ತದೆ. ನಿಮಗೆ ಮಾಮೂಲಿ ಎವಿಆರ್ ಸೆಟ್ಟೇ ಸರಿ.

ದುಡ್ಡು ಕೊಡುವ ಮೊದಲು ಒಂದು ಷರತ್ತು ಹಾಕಿ. ಸೆಟ್ ನಿಮ್ಮ ಮನೆಗೆ ತಂದು, ನಿಮ್ಮದೇ ಮಷಿನ್ ಮೇಲೆ ಓಡಿಸಿ ತೋರಿಸಲಿ. ಒಳ್ಳೆಯ ಅಂಗಡಿಯವರು ಒಪ್ಪುತ್ತಾರೆ. ಮಧ್ಯಾಹ್ನ ಬಿಸಿಲಲ್ಲೇ ಕರೆಸಿ, ಬೆಳಗಿನ ತಂಪಿನಲ್ಲಿ ಬೇಡ. ಬರೀ ಎಂಜಿನ್ ಓಡುವಾಗ ಮೀಟರಿನಲ್ಲಿ 52 ಹರ್ಟ್ಸ್ (ಎಂಜಿನ್ ವೇಗದ ಜೊತೆ ಏರಿಳಿಯುವ ಅಂಕಿ) ಹತ್ತಿರ ತೋರಿಸಬೇಕು, ಪೂರ್ತಿ ಭಾರ ಬಿದ್ದಾಗ 50ಕ್ಕೆ ಇಳಿಯಬೇಕು. ಆಮೇಲೆ ಹಿಟ್ಟು ಹಾಕಿದ ನಾದುವ ಮಷಿನ್ ಶುರು ಮಾಡಿ. ಹೌದು, ಖಾಲಿ ಶುರು ಮಾಡಿ ಅಂತ ಮೇಲೆ ಹೇಳಿದವನು ನಾನೇ. ಪರೀಕ್ಷೆಯ ದಿನ ಮಾತ್ರ ಕಷ್ಟದ್ದೇ ಕೊಡಬೇಕು. ಎಂಜಿನ್ ಒಮ್ಮೆ ತಗ್ಗಿ, ಎರಡು ಸೆಕೆಂಡಿನೊಳಗೆ ಮತ್ತೆ ಎದ್ದು ನಿಲ್ಲಬೇಕು. ಗುಂಯ್ ಅಂತ ನಿಂತರೆ ಕೂಡಲೇ ಸ್ವಿಚ್ ತೆಗೆಯಿರಿ, ಸೆಟ್ ವಾಪಸ್ ಕಳಿಸಿ. ನನ್ನ ಹಾಗೆ ಮೂರನೇ ಸಲ ನೋಡಲು ಹೋಗಬೇಡಿ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಜನರೇಟರ್ ಹಿತ್ತಲಲ್ಲಿ, ಮಷಿನ್ 30 ಮೀಟರ್ ದೂರದಲ್ಲಿ ಅಂದುಕೊಳ್ಳಿ. ಶುರುವಾಗುವಾಗ 30 ಆಂಪಿಯರ್ ಜಗ್ಗಿದರೆ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲೇ 22 ವೋಲ್ಟ್ ಕಳೆದುಹೋಗುತ್ತದೆ. 4 ಸ್ಕ್ವೇರ್ ಎಂಎಂ ಹಾಕಿದರೆ 8 ವೋಲ್ಟ್. ಮೋಟರಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ತಿರುಗುವ ಬಲ ನೂರಕ್ಕೆ ಹತ್ತೊಂಬತ್ತು ಕಡಿಮೆಯಾಗುತ್ತದೆ. ಎಷ್ಟೋ ಕಡೆ ಜನರೇಟರ್ ಸರಿಯಿರುತ್ತದೆ, ವೈರ್ ಸಣ್ಣದಿರುತ್ತದೆ.

ದೂರ ಇಡುವುದನ್ನು ಮಾತ್ರ ಬಿಡಬೇಡಿ. ಪಡಸಾಲೆಯಲ್ಲಿ, ದನದ ಕೊಟ್ಟಿಗೆಯಲ್ಲಿ, ಕಿಟಕಿ ಕೆಳಗೆ ಜನರೇಟರ್ ಇಟ್ಟವರನ್ನು ನಾನು ನೋಡಿದ್ದೇನೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋಯುತ್ತದೆ, ನಿದ್ದೆ ಬಂದಂತಾಗುತ್ತದೆ, ಆಮೇಲೆ ಏಳುವುದಿಲ್ಲ. ಬಾಗಿಲು ತೆರೆದಿದ್ದರೆ ಸಾಕು ಅನ್ನುವುದು ಸುಳ್ಳು. ಬಾಗಿಲು ಕಿಟಕಿಯಿಂದ 20 ಅಡಿ ದೂರ, ಬಯಲಲ್ಲಿ, ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಮಾಡಿರಬೇಕು. ಮಳೆಗೆ ಮೇಲೆ ಒಂದು ತಗಡು ಸಾಕು, ಸುತ್ತ ಗೋಡೆ ಬೇಡ. ನಿಮ್ಮಲ್ಲಿ ಗ್ಯಾಸ್ ಒಲೆ ಉರಿಯುತ್ತಿರುತ್ತದೆ, ಪೆಟ್ರೋಲ್ ಡಬ್ಬಿ ಆ ಕೋಣೆಯ ಹತ್ತಿರವೂ ಸುಳಿಯಬಾರದು. ಎಂಜಿನ್ ಬಿಸಿ ಇರುವಾಗ ಪೆಟ್ರೋಲ್ ಹಾಕಬೇಡಿ, ಹದಿನೈದು ನಿಮಿಷ ಆರಲು ಬಿಡಿ.

ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ, ಜನರೇಟರ್ ಕರೆಂಟನ್ನು ಗೋಡೆಯ ಸಾಕೆಟ್‌ಗೇ ಚುಚ್ಚುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಮಾಡಬೇಡಿ. ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. 230 ವೋಲ್ಟ್ ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ಹೋದರೆ ಆಚೆ ಕಡೆ ಸಾವಿರಗಟ್ಟಲೆ ವೋಲ್ಟ್ ಆಗುತ್ತದೆ. ಲೈನ್ ಬಂದ್ ಇದೆ ಅಂತ ನಂಬಿ ಹೆಸ್ಕಾಂ ಲೈನ್‌ಮನ್ ಕಂಬ ಹತ್ತಿರುತ್ತಾನೆ. ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಹಿಡಿಕೆ ಒಂದು ಕಡೆಗೆ ಲೈನ್, ಇನ್ನೊಂದು ಕಡೆಗೆ ಜನರೇಟರ್, ನಡುವೆ ಬಂದ್. ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಅರ್ಥಿಂಗ್ ಕೂಡ ಅವರೇ ನೋಡಲಿ.

ಸೆಟ್ ಬಂದ ಮೇಲೆ ಎರಡು ಮಾತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬಿನಿಂದಲೇ ಬಂದದ್ದಿರಬಹುದು, ಆ ಹೆಮ್ಮೆ ಬೇರೆ. ಆದರೆ ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಬಿಟ್ಟರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ, ಬೇಕಾದ ದಿನ ಹಗ್ಗ ಎಳೆದು ಎಳೆದು ಭುಜ ಹೋಗುತ್ತದೆ. ಬಳಕೆ ಇಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಓಡಿಸಿ, ಬರೀ ಓಡಿಸಬೇಡಿ, ಒತ್ತುವ ಮಷಿನ್ ಹಾಕಿ ಓಡಿಸಿ.

ಎರಡನೆಯದು ಎಂಜಿನ್ ಎಣ್ಣೆ. ಹೊಸ ಸೆಟ್ ಬರುವಾಗ ಎಂಜಿನ್‌ನಲ್ಲಿ ಎಣ್ಣೆ ಇರುವುದಿಲ್ಲ, ಖಾಲಿ ಕಳಿಸಿರುತ್ತಾರೆ. ಎಣ್ಣೆ ಹಾಕಿ, ಕಡ್ಡಿ ತೆಗೆದು ಮಟ್ಟ ನೋಡಿ, ಆಮೇಲೆ ಹಗ್ಗಕ್ಕೆ ಕೈ ಹಾಕಿ. ಮೊದಲ 20 ತಾಸು ಓಡಿದ ಮೇಲೆ ಆ ಎಣ್ಣೆ ಪೂರ್ತಿ ಚೆಲ್ಲಿ ಹೊಸದು ಹಾಕಬೇಕು, ಅದರಲ್ಲಿ ಹೊಸ ಎಂಜಿನಿನ ಲೋಹದ ಪುಡಿ ಇರುತ್ತದೆ. ಅಲ್ಲಿಂದ ಮುಂದೆ 100 ತಾಸಿಗೊಮ್ಮೆ. ನಿಮ್ಮ ಬಳಕೆಗೆ ಮೊದಲ 20 ತಾಸು ಎಂಟು ಹತ್ತು ದಿನದಲ್ಲೇ ಮುಗಿಯುತ್ತದೆ. ರೊಟ್ಟಿ ಲೆಕ್ಕ ಬರೆಯುವ ಪುಸ್ತಕದಲ್ಲೇ ಕೊನೆಯ ಹಾಳೆಗೆ ಇವತ್ತು ಎಷ್ಟು ತಾಸು ಓಡಿತು ಅಂತ ಬರೆದಿಡಿ.